ಬೆಂಗಳೂರಿನ ಶೆಲ್ಟರ್‌ಗಳಿಂದ ನಾಯಿ ದತ್ತು: ಸೇವೆ ಹೇಗಿದೆ, ಎಲ್ಲಿ ಎಡವುತ್ತದೆ

ಬೆಳೆದ ನಾಯಿ ಬೇಕೆಂದರೆ ಶೆಲ್ಟರ್‌ಗೆ ಹೋಗಿ. ಮರಿ ಬೇಕೆಂದರೂ ಅಲ್ಲಿಗೇ ಹೋಗಿ. ಆದರೆ ವಾರಾಂತ್ಯದ ದತ್ತು ಶಿಬಿರದಲ್ಲಿ ಬುಟ್ಟಿಯೊಳಗೆ ಕಂಡ ಮರಿಯನ್ನು ಅಲ್ಲೇ ಎತ್ತಿಕೊಂಡು ಮನೆಗೆ ಬರಬೇಡಿ. ಬೆಂಗಳೂರಿನ ದತ್ತು ವ್ಯವಸ್ಥೆಯ ಬಗ್ಗೆ ನಮ್ಮ ಅಭಿಪ್ರಾಯ ಇದು. ಕಾರಣಗಳನ್ನು ಮುಂದೆ ಬಿಡಿಸಿ ಹೇಳುತ್ತೇವೆ.

ಈ ಊರಿನಲ್ಲಿ ಆಯ್ಕೆಗೆ ಕೊರತೆಯಿಲ್ಲ. ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಶುರುಮಾಡಿದ ಕ್ಯೂಪಾ ಇದೆ. ಸಾಕಿದವರೇ ಕೈಬಿಟ್ಟ ಜಾತಿನಾಯಿಗಳಿಗಾಗಿ ಅದೇ ಸಂಸ್ಥೆ ಸೆಕೆಂಡ್ ಚಾನ್ಸ್ ಎಂಬ ದತ್ತು ಕೇಂದ್ರ ನಡೆಸಿಕೊಂಡು ಬಂದಿದೆ. ಚಾರ್ಲಿ ಎಂಬ ಮೂರು ಕಾಲಿನ ನಾಯಿಯ ಹೆಸರಿನಲ್ಲಿ 2013ರಲ್ಲಿ ಹುಟ್ಟಿದ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಇದೆ. ಇವಲ್ಲದೆ ಬೀದಿಯಿಂದ ತಂದ ಮರಿಗಳನ್ನು ಮನೆಯಲ್ಲೇ ಇಟ್ಟುಕೊಂಡು ಆರೈಕೆ ಮಾಡಿ, ಸೋಷಿಯಲ್ ಮೀಡಿಯಾದಲ್ಲಿ ಫೋಟೊ ಹಾಕಿ ಮನೆ ಹುಡುಕಿಕೊಡುವವರು ಬಹಳ ಜನ ಇದ್ದಾರೆ. ಹೆಸರು ಯಾವುದೇ ಇರಲಿ, ಒಳ್ಳೆಯ ಜಾಗವನ್ನು ಗುರುತಿಸುವ ಬಗೆ ಒಂದೇ: ನಾಯಿ ಕೊಡುವ ಮೊದಲು ಎಷ್ಟು ಪ್ರಶ್ನೆ ಕೇಳುತ್ತಾರೆ, ಕೊಡುವಾಗ ಯಾವ ಕಾಗದ ಕೊಡುತ್ತಾರೆ, ಕೊಟ್ಟ ಮೇಲೆ ಫೋನ್ ಎತ್ತುತ್ತಾರೋ ಇಲ್ಲವೋ.

ಪ್ರಶ್ನೆಗಳ ವಿಷಯಕ್ಕೇ ಜನ ಹೆಚ್ಚು ಸಿಟ್ಟಾಗುವುದು. ಮನೆ ಸ್ವಂತದ್ದೋ ಬಾಡಿಗೆಯದೋ, ದಿನಕ್ಕೆ ಎಷ್ಟು ಗಂಟೆ ನಾಯಿ ಒಂಟಿಯಾಗಿರುತ್ತದೆ, ಅತ್ತೆ ಮಾವ ಒಪ್ಪಿದ್ದಾರಾ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಹಿಂದೆ ಸಾಕಿದ ನಾಯಿ ಏನಾಯಿತು ಎಂದೆಲ್ಲ ಕೇಳುತ್ತಾರೆ. ಆಮೇಲೆ ಒಬ್ಬರು ಮನೆಗೇ ಬಂದು ಗೇಟಿನ ಸಂದು, ಬಾಲ್ಕನಿಯ ಕಂಬಿ, ಟೆರೇಸಿನ ಗೋಡೆ ನೋಡಿಕೊಂಡು ಹೋಗುತ್ತಾರೆ. ಇದನ್ನು ಅವಮಾನ ಎಂದುಕೊಳ್ಳಬೇಡಿ. ನಾಯಿಗಳು ವಾಪಸ್ ಬರುವುದು ಬಹುಪಾಲು ಇಂಥ ಮನೆಯ ಕಾರಣಗಳಿಗೇ: ಓನರ್ ಬೇಡ ಅಂದರು, ಮಗು ಹುಟ್ಟಿತು, ಬೇರೆ ಊರಿಗೆ ವರ್ಗವಾಯಿತು. ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆಯಿರಿ, ಬಾಯಿಮಾತು ಸಾಲದು. ಅಪಾರ್ಟ್‌ಮೆಂಟ್ ಸಂಘ ಸಾಕುಪ್ರಾಣಿಯನ್ನೇ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರತಿಯೊಂದನ್ನು ಇಟ್ಟುಕೊಂಡಿದ್ದರೆ ಮುಂದೆ ಮಾತುಕತೆಗೆ ಅನುಕೂಲ. ಒಂದೂ ಪ್ರಶ್ನೆ ಕೇಳದೆ, ಆಧಾರ್ ಜೆರಾಕ್ಸ್ ಇಸಿದುಕೊಂಡು ಮರಿ ಕೈಗಿಡುವವರ ಬಗ್ಗೆ ಮಾತ್ರ ಅನುಮಾನ ಪಡಿ.

ಇನ್ನು ಕಾಗದ. ನಾಯಿಯ ಜೊತೆ ಬರುವ ಲಸಿಕೆ ಕಾರ್ಡನ್ನು ನಿಂತ ಜಾಗದಲ್ಲೇ ಬಿಡಿಸಿ ನೋಡಿ. ಪ್ರತಿ ಲಸಿಕೆಯ ಎದುರು ಸೀಸೆಯಿಂದ ಕಿತ್ತು ಅಂಟಿಸಿದ ಸ್ಟಿಕ್ಕರ್ ಇರಬೇಕು, ಅದರ ಮೇಲೆ ಬ್ಯಾಚ್ ನಂಬರ್ ಇರಬೇಕು. ಪಕ್ಕದಲ್ಲಿ ತಾರೀಖು, ಡಾಕ್ಟರ ಸಹಿ, ನೋಂದಣಿ ಸಂಖ್ಯೆ ಇರಬೇಕು. ಪೆನ್ನಿನಲ್ಲಿ ಬರೀ "ಡನ್" ಎಂದು ಬರೆದಿದ್ದರೆ ಲಸಿಕೆ ಆಗಿಲ್ಲ ಎಂದೇ ಲೆಕ್ಕ ಹಿಡಿದು ನಿಮ್ಮ ಡಾಕ್ಟರ ಹತ್ತಿರ ಮೊದಲಿನಿಂದ ಶುರುಮಾಡಿ. ಮರಿಗಳಿಗೆ ಡಿಸ್ಟೆಂಪರ್, ಪಾರ್ವೊ ಎಂಬ ಮಾರಕ ವೈರಸ್ ರೋಗಗಳ ಲಸಿಕೆ 6ರಿಂದ 8ನೇ ವಾರಕ್ಕೆ ಶುರುವಾಗಿ, 3–4 ವಾರಕ್ಕೊಮ್ಮೆಯಂತೆ 16ನೇ ವಾರದವರೆಗೂ ಹೋಗಬೇಕು. ರೇಬೀಸ್ ಲಸಿಕೆ 3 ತಿಂಗಳಿಗೆ, ಆಮೇಲೆ ಬೂಸ್ಟರ್, ನಂತರ ವರ್ಷಕ್ಕೊಮ್ಮೆ. ಜಂತುಹುಳದ ಔಷಧಿ 3 ತಿಂಗಳವರೆಗೆ ಎರಡು ವಾರಕ್ಕೊಮ್ಮೆ, 6 ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಬೆಳೆದ ನಾಯಿಯಾದರೆ ಸಂತಾನಹರಣ ಆಪರೇಷನ್ ಆಗಿರುತ್ತದೆ. ಕಿವಿಯ ತುದಿ ಕತ್ತರಿಸಿದ್ದರೆ ಅದೇ ಗುರುತು. ಮರಿಯಾದರೆ ವಯಸ್ಸಿಗೆ ಬಂದ ಮೇಲೆ ಮಾಡಿಸುತ್ತೇನೆಂದು ಕರಾರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಮಾತು ಉಳಿಸಿಕೊಳ್ಳಿ. ಶೆಲ್ಟರ್‌ಗಳು ತುಂಬಿ ತುಳುಕುವುದು ಆ ಒಂದು ಆಪರೇಷನ್ ತಪ್ಪಿದ್ದರಿಂದಲೇ.

ಶಿಬಿರದ ಮರಿ ಬೇಡ ಎಂದೆವಲ್ಲ, ಅದಕ್ಕೆ ಕಾರಣ ಪಾರ್ವೊ. ಸೋಂಕು ತಗುಲಿ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಅಂದರೆ ಶಿಬಿರದಲ್ಲಿ ಕುಣಿದಾಡುತ್ತಿದ್ದ ಮರಿ ಮನೆಗೆ ಬಂದು ನಾಲ್ಕನೇ ದಿನ ಊಟ ಬಿಟ್ಟು ವಾಂತಿ ಮಾಡಿ, ಮಾರನೇ ದಿನ ರಕ್ತಭೇದಿಗೆ ಬೀಳಬಹುದು. ಬೇರೆ ಬೇರೆ ಕಡೆಯಿಂದ ತಂದ, ಲಸಿಕೆ ಮುಗಿಯದ ಮರಿಗಳನ್ನು ಒಂದೇ ಕಡೆ ಕೂಡಿಹಾಕಿ, ನೂರು ಕೈ ಮುಟ್ಟಿ ಹೋಗುವ ಜಾಗಕ್ಕಿಂತ ಈ ವೈರಸ್ಸಿಗೆ ಅನುಕೂಲ ಬೇರೆಲ್ಲಿದೆ? ವಯಸ್ಸಿನ ವಿಷಯದಲ್ಲೂ ಶಿಬಿರಗಳಲ್ಲಿ ಹೆಚ್ಚುಕಡಿಮೆ ನಡೆಯುತ್ತದೆ. 8 ವಾರ ತುಂಬದ ಮರಿಯನ್ನು ತಾಯಿ ಮತ್ತು ಒಡಹುಟ್ಟಿದವರಿಂದ ಬಿಡಿಸಬಾರದು. ಕಚ್ಚುವಾಗ ಎಷ್ಟು ಬಿಗಿ ಹಿಡಿಯಬೇಕೆಂಬುದನ್ನು ಅದು ಕಲಿಯುವುದು ಆ ಹೊತ್ತಿನಲ್ಲೇ. ತುಟಿ ಎತ್ತಿ ನೋಡಿ: 8 ವಾರದ ಹೊತ್ತಿಗೆ ಸೂಜಿಯಂಥ ಹಾಲುಹಲ್ಲು ಸುಮಾರು ಎಲ್ಲ, ಅಂದರೆ 28, ಬಂದಿರಬೇಕು. ಹಿಂದಿನ ಹಲ್ಲು ಇನ್ನೂ ಮೂಡಿರದಿದ್ದರೆ ಕಾರ್ಡಿನಲ್ಲಿ ಏನೇ ಬರೆದಿರಲಿ, ಮರಿ ಚಿಕ್ಕದು.

ತುಟಿ ಎತ್ತಿದಾಗಲೇ ಒಸಡನ್ನೂ ನೋಡಿ. ಆರೋಗ್ಯವಂತ ನಾಯಿಯ ಒಸಡು ತಿಳಿಗುಲಾಬಿ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿಕೊಂಡ ಜಾಗ 2 ಸೆಕೆಂಡಿನೊಳಗೆ ಮತ್ತೆ ಕೆಂಪೇರಬೇಕು. ಕೆಲವು ನಾಯಿಗಳ ಒಸಡು ಹುಟ್ಟಾ ಕಪ್ಪಗಿರುತ್ತದೆ, ಅಂಥವಕ್ಕೆ ಕಣ್ಣಿನ ಕೆಳರೆಪ್ಪೆಯನ್ನು ಸ್ವಲ್ಪ ಎಳೆದು ಒಳಗಿನ ಬಣ್ಣ ನೋಡಬಹುದು. ಮರಿಯ ಒಸಡು ಬಿಳಿಚಿದ್ದರೆ ಹೊಟ್ಟೆಹುಳದ ಶಂಕೆ. ಬೆಳೆದ ನಾಯಿಯದ್ದಾದರೆ ಉಣ್ಣೆಹುಳು ಕಚ್ಚಿ ಬರುವ ಜ್ವರ. ಇದು ನಮ್ಮ ಊರಿನ ದೊಡ್ಡ ಪೀಡೆ. ಸಂಸ್ಥೆ ಎಷ್ಟೇ ಚೊಕ್ಕಟವಾಗಿದ್ದರೂ ನೂರಾರು ನಾಯಿ ಇರುವ ಕಡೆ ಉಣ್ಣೆಹುಳವನ್ನು ಪೂರ್ತಿ ತಡೆಯುವುದು ಕಷ್ಟ. ಹಾಗಾಗಿ ತಂದ ವಾರದೊಳಗೆ ರಕ್ತಪರೀಕ್ಷೆ ಮಾಡಿಸಿ ಪ್ಲೇಟ್‌ಲೆಟ್ ಎಣಿಕೆ ನೋಡಿಸಿ. ಈ ಜ್ವರ ತರುವ ಎರ್ಲಿಕಿಯಾ ಎಂಬ ರೋಗಾಣು ಇದ್ದರೆ ಡಾಕ್ಟರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಅನ್ನು 28 ದಿನದ ಮಟ್ಟಿಗೆ ಬರೆಯುತ್ತಾರೆ. ಹತ್ತನೇ ದಿನಕ್ಕೆ ನಾಯಿ ಚೇತರಿಸಿಕೊಂಡಿತೆಂದು ಮಾತ್ರೆ ನಿಲ್ಲಿಸಿದವರ ಮನೆಯಲ್ಲೇ ಜ್ವರ ಮರುಕಳಿಸುವುದು. ಖರ್ಚಿನ ಚಿಂತೆ ಇರುವವರಿಗೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಇದೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಕಾಯಬೇಕಾಗುತ್ತದೆ, ಆದರೆ ಚಿಕಿತ್ಸೆಯಲ್ಲಿ ಕೊರತೆಯಿಲ್ಲ.

ಶೆಲ್ಟರ್‌ಗಳ ಸೇವೆಯಲ್ಲಿ ನಮಗೆ ಅಷ್ಟಾಗಿ ನಂಬಿಕೆಯಿಲ್ಲದ ಭಾಗವೆಂದರೆ ಸ್ವಭಾವದ ವಿವರಣೆ. "ಫ್ರೆಂಡ್ಲಿ, ಮಕ್ಕಳ ಜೊತೆ ಚೆನ್ನಾಗಿರುತ್ತೆ" ಎಂದು ಬರೆದಿರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಸುತ್ತ ಇಪ್ಪತ್ತು ನಾಯಿ ಬೊಗಳುವ ಕೆನಲ್‌ನಲ್ಲಿ ಇರುವ ನಾಯಿಯೇ ಬೇರೆ, ಮನೆಯ ಹಾಲ್‌ನಲ್ಲಿ ಇರುವ ನಾಯಿಯೇ ಬೇರೆ. ಮೂಲೆಯಲ್ಲಿ ಮುದುರಿ ಕೂತದ್ದು ಮನೆಯಲ್ಲಿ ತುಂಟನಾಗಬಹುದು, ಕಂಬಿಗೆ ಹಾರಿ ಕೈ ನೆಕ್ಕಿದ್ದು ಒಂಟಿ ಬಿಟ್ಟರೆ ಬಾಗಿಲು ಕೆರೆದು ಹಾಳುಮಾಡಬಹುದು. ಅದಕ್ಕೇ ಕೆನಲ್ ಎದುರು ನಿಂತು ತೀರ್ಮಾನಿಸಬೇಡಿ. ಲೀಶ್ ಹಾಕಿಸಿ ಹೊರಗೆ ಕರೆದುಕೊಂಡು ಹೋಗಿ ಅರ್ಧ ಗಂಟೆ ಸುತ್ತಿ, ನೆಲದ ಮೇಲೆ ಕೂತು ಸುಮ್ಮನಿರಿ, ಅದು ತಾನಾಗಿ ಹತ್ತಿರ ಬರುತ್ತದೋ ನೋಡಿ. ಬೇರೆ ದಿನ ಮನೆಯವರನ್ನೆಲ್ಲ ಕರೆದುಕೊಂಡು ಮತ್ತೊಮ್ಮೆ ಹೋಗಿ. ಮನೆಯಲ್ಲಿ ಈಗಾಗಲೇ ನಾಯಿ ಇದ್ದರೆ ಎರಡನ್ನೂ ಮೊದಲು ಭೇಟಿಮಾಡಿಸುವುದು ಇಬ್ಬರದೂ ಅಲ್ಲದ ಬೀದಿಯಲ್ಲಿ, ಪಕ್ಕಪಕ್ಕ ನಡೆಸುತ್ತ. ಕೆಲವು ಕಡೆ ಎರಡು ಮೂರು ವಾರ ಫಾಸ್ಟರ್ ಆಗಿ ಮನೆಯಲ್ಲಿಟ್ಟುಕೊಂಡು ಆಮೇಲೆ ಒಪ್ಪಿಕೊಳ್ಳುವ ಅವಕಾಶವಿದೆ. ಇಡೀ ವ್ಯವಸ್ಥೆಯಲ್ಲಿ ನಮಗೆ ಅತಿ ಹೆಚ್ಚು ಮೆಚ್ಚುಗೆಯಾದದ್ದು ಇದು. ಅವರಾಗಿ ಹೇಳದಿದ್ದರೆ ನೀವೇ ಕೇಳಿ.

ಇದೇ ಕಾರಣಕ್ಕೆ ಎರಡು ಮೂರು ವರ್ಷದ ನಾಟಿ ನಾಯಿಯನ್ನೇ ನಾವು ಮೊದಲು ಶಿಫಾರಸು ಮಾಡುವುದು. ಗಾತ್ರ, ದನಿ, ಗುಣ ಎಲ್ಲ ಗೊತ್ತಾಗಿರುತ್ತದೆ, ಪಾರ್ವೊ ಭಯ ಬಹುಮಟ್ಟಿಗೆ ಕಳೆದಿರುತ್ತದೆ, ನಮ್ಮ ಹವೆಗೆ ಒಗ್ಗಿದ ಮೈ. ಜನ ಮರಿಗಳ ಮುಂದೆ ಸಾಲುಗಟ್ಟಿ ಇವುಗಳನ್ನು ದಾಟಿ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಆದರೆ ಬೆಳೆದ ನಾಯಿಯಲ್ಲಿ ಒಂದು ಅಪಾಯವಿದೆ, ಅದನ್ನು ಎಷ್ಟೋ ಶೆಲ್ಟರ್‌ಗಳು ಒತ್ತಿ ಹೇಳುವುದಿಲ್ಲ: ತಪ್ಪಿಸಿಕೊಳ್ಳುವುದು. ನಾಟಿ ನಾಯಿಯ ತಲೆ ಕಿರಿದು, ಕತ್ತು ಹೆಚ್ಚುಕಡಿಮೆ ಅಷ್ಟೇ ದಪ್ಪ. ಬೈಕು ಹಾರ್ನ್ ಹೊಡೆದ ಕೂಡಲೇ ಅದು ಮುಂದಕ್ಕೆ ಓಡುವುದಿಲ್ಲ. ನಾಲ್ಕೂ ಕಾಲು ಊರಿ, ತಲೆ ತಗ್ಗಿಸಿ ಹಿಂದಕ್ಕೆ ಎಳೆಯುತ್ತದೆ. ಮಾಮೂಲಿ ಬೆಲ್ಟು ಕಿವಿ ಮೇಲಿಂದ ಜಾರಿ ನಿಮ್ಮ ಕೈಯಲ್ಲಿ ಉಳಿಯುತ್ತದೆ, ನಾಯಿ ರಸ್ತೆಯ ಆಚೆ. ಆದ್ದರಿಂದ ಎಳೆದಷ್ಟು ಬಿಗಿಯಾಗುವ ಮಾರ್ಟಿಂಗೇಲ್ ಕಾಲರ್ ಕೊಳ್ಳಿ, ಜೊತೆಗೆ ಎದೆಗೆ ಹಾರ್ನೆಸ್ ಹಾಕಿ. ಮೊದಲ ತಿಂಗಳು ಎರಡಕ್ಕೂ ಬೇರೆ ಬೇರೆ ಲೀಶ್ ಇರಲಿ. ಬೆಲ್ಟಿನೊಳಗೆ ಎರಡು ಬೆರಳು ಹೋಗಬೇಕು, ಮೂರಲ್ಲ. ಫೋನ್ ನಂಬರ್ ಕೆತ್ತಿದ ಬಿಲ್ಲೆಯನ್ನು ಶೆಲ್ಟರ್ ಬಾಗಿಲಲ್ಲೇ ಕಟ್ಟಿ, ಮನೆಗೆ ಹೋದ ಮೇಲೆ ಅಲ್ಲ. ಮೈಕ್ರೊಚಿಪ್ ಇದೆಯೆಂದು ನೆಮ್ಮದಿಯಾಗಿರಬೇಡಿ. ಅದು ನಾಯಿ ಎಲ್ಲಿದೆಯೆಂದು ತೋರಿಸುವುದಿಲ್ಲ, ಸಿಕ್ಕಿದ ಮೇಲೆ ಯಾರದ್ದೆಂದು ಹೇಳುತ್ತದೆ, ಅದೂ ರೀಡರ್ ಇದ್ದರೆ.

ಮೊದಲ ಮೂರು ದಿನ ಭಯ, ಮೂರು ವಾರಕ್ಕೆ ದಿನಚರಿ, ಮೂರು ತಿಂಗಳಿಗೆ ನಿಮ್ಮ ಮನೆಯ ನಾಯಿ ಎಂದು ಶೆಲ್ಟರಿನವರು ಹೇಳುವ ಲೆಕ್ಕ ಒರಟಾದರೂ ಉಪಯೋಗಕ್ಕೆ ಬರುತ್ತದೆ. ಆ ಮೂರು ದಿನ ಸ್ನಾನ ಮಾಡಿಸಬೇಡಿ, ನೆಂಟರನ್ನು ಕರೆಯಬೇಡಿ. ಒಂದು ಮೂಲೆ, ನೀರು, ಹಾಸಲು ಹಳೇ ಬೆಡ್‌ಶೀಟು ಸಾಕು. ಅಲ್ಲಿ ತಿನ್ನುತ್ತಿದ್ದ ಊಟವನ್ನೇ ಒಂದಷ್ಟು ದಿನ ಮುಂದುವರಿಸಿ, ಬದಲಾಯಿಸುವುದಾದರೆ ಒಂದು ವಾರ ಹಿಡಿದು ಸ್ವಲ್ಪ ಸ್ವಲ್ಪವೇ ಬೆರೆಸಿ. ಇಲ್ಲದಿದ್ದರೆ ಭೇದಿ ಖಂಡಿತ, ಆಗ ಅದು ಊಟದ್ದೋ ಪಾರ್ವೊದ್ದೋ ತಿಳಿಯದೆ ಒದ್ದಾಡಬೇಕು. ಬರೀ ಮೊಸರನ್ನ ಹಾಕಿ ಸಾಕುವವರಿದ್ದಾರೆ, ಅದರಲ್ಲಿ ಪ್ರೋಟೀನ್ ಸಾಲದು. ಅನ್ನದ ಜೊತೆ ಬೇಯಿಸಿದ ಕೋಳಿ ಅಥವಾ ಮೊಟ್ಟೆ ಬೇಕು, ಬೇಯಿಸಿದ ಮೂಳೆ ಮಾತ್ರ ಬೇಡ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಇವೆಲ್ಲ ವಿಷ. ಹಬ್ಬದ ದಿನ ಪಾಯಸದ ದ್ರಾಕ್ಷಿಯ ಬಗ್ಗೆ ಮನೆಯ ಹಿರಿಯರಿಗೂ ಹೇಳಿಡಿ. ನೆಲಕ್ಕೆ ಫಿನೈಲ್ ಹಾಕುವುದನ್ನು ನಿಲ್ಲಿಸಿ. ನಾಯಿಯ ಪಾದಕ್ಕೆ ಉರಿ, ಬೆಕ್ಕನ್ನು ದತ್ತು ತಂದಿದ್ದರೆ ಆ ಬೆಕ್ಕಿಗಂತೂ ಫಿನೈಲ್ ನೇರ ವಿಷ. ಬೆಕ್ಕಿಗೆ ಪ್ಯಾರಾಸಿಟಮಾಲ್ ಸಹ ಹಾಗೇ, ಒಂದೇ ಮಾತ್ರೆ ಪ್ರಾಣ ತೆಗೆಯಬಹುದು.

ಹೊಂದಿಕೆಯಾಗದಿದ್ದರೆ ವಾಪಸ್ ಪಡೆಯುತ್ತೇವೆ ಎಂಬ ಷರತ್ತು ಕರಾರಿನಲ್ಲಿ ಇದೆಯೇ ನೋಡಿ. ಒಳ್ಳೆಯ ಸಂಸ್ಥೆಗಳು ಇದನ್ನು ಬರೆದೇ ಕೊಡುತ್ತವೆ, ಬೇರೆಯವರಿಗೆ ದಾಟಿಸಬಾರದೆಂದೂ ಬರೆಸಿಕೊಳ್ಳುತ್ತವೆ. ಸಾಕುಪ್ರಾಣಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ, ಆದರೆ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಇಷ್ಟು ದುರ್ಬಲ ಕಾನೂನಿನ ಎದುರು ನಾಯಿಯನ್ನು ಕಾಪಾಡುವುದು ಆ ಕರಾರೇ. ಬೀದಿನಾಯಿಗಳನ್ನು ಪಾಲಿಕೆಯಿಂದ ದತ್ತು ಪಡೆಯಬಹುದು, ಆದರೆ ಅವು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಪಡೆದವರದ್ದೇ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ.

ದಿನಕ್ಕೆ ಹತ್ತು ಗಂಟೆ ಮನೆಗೆ ಬೀಗ ಇರುತ್ತದೆ ಎನ್ನುವವರು ಸದ್ಯಕ್ಕೆ ದತ್ತು ಬೇಡ. ರಜೆಯ ದಿನ ಶೆಲ್ಟರ್‌ಗೆ ಹೋಗಿ ನಾಯಿಗಳನ್ನು ಸುತ್ತಾಡಿಸಿ, ಅವರಿಗೆ ಅದೂ ದೊಡ್ಡ ಸಹಾಯ. ಉಳಿದವರು ದೀಪಾವಳಿಯ ಹಿಂದುಮುಂದಿನ ವಾರಗಳನ್ನು ಬಿಟ್ಟು ದಿನ ಗೊತ್ತುಮಾಡಿಕೊಳ್ಳಿ, ಪಟಾಕಿ ಸದ್ದಿಗೆ ಹೊಸ ಜಾಗದಿಂದ ಓಡಿದ ನಾಯಿಗೆ ಮನೆಯ ದಾರಿ ಗೊತ್ತಿರುವುದಿಲ್ಲ. ಸ್ಕೂಟರ್ ಬೇಡ, ಕಾರು ಅಥವಾ ಆಟೋ ಮಾಡಿಕೊಳ್ಳಿ. ಹೊರಡುವ ಮೂರು ನಾಲ್ಕು ಗಂಟೆ ಮೊದಲು ಊಟ ಹಾಕಬೇಡಿ ಎಂದು ಶೆಲ್ಟರ್‌ಗೆ ಫೋನ್ ಮಾಡಿ ಹೇಳಿ, ದಾರಿಯಲ್ಲಿ ವಾಂತಿ ತಪ್ಪುತ್ತದೆ. ಸೀಟಿಗೆ ಹಾಸಲು ನ್ಯೂಸ್‌ಪೇಪರ್ ಒಯ್ಯಿರಿ, ಮನೆ ಮುಟ್ಟಿದಾಗ ಗೇಟು ಹಾಕಿಕೊಂಡ ಮೇಲೆಯೇ ಕಾರಿನ ಬಾಗಿಲು ತೆಗೆಯಿರಿ.