ಸ್ಕ್ರೀನ್ ರೆಕಾರ್ಡರಿನ ಇನ್‌ಸ್ಟಾಲ್ ಸ್ಕ್ರಿಪ್ಟ್ ಇಡೀ ಡೆಸ್ಕ್‌ಟಾಪನ್ನು ಕಿತ್ತುಹಾಕಿತು: ಡೆಬಿಯನ್, ಉಬುಂಟು ಬಳಸುವವರಿಗೆ ಎಚ್ಚರಿಕೆ

ಡೆಬಿಯನ್, ಉಬುಂಟು, ಮಿಂಟ್ ಮುಂತಾದ ಲಿನಕ್ಸ್ ವ್ಯವಸ್ಥೆಗಳನ್ನು ದಿನನಿತ್ಯ ಬಳಸುವವರಲ್ಲಿ ನನ್ನದೊಂದು ವಿನಂತಿ. ಯಾವುದಾದರೂ ತಂತ್ರಾಂಶದ ಜಾಲತಾಣವು ಒಂದೇ ಸಾಲಿನ ಆಜ್ಞೆಯನ್ನು ಕೊಟ್ಟು ಅದನ್ನು ಟರ್ಮಿನಲ್‌ನಲ್ಲಿ ಅಂಟಿಸಲು ಹೇಳಿದರೆ, ಮತ್ತು ಆ ಸಾಲಿನಲ್ಲಿ ಕರ್ಲ್ (ಜಾಲದಿಂದ ಕಡತ ತರುವುದು), ಸುಡೊ (ನಿರ್ವಾಹಕರ ಅಧಿಕಾರ ಕೊಡುವುದು), ಬ್ಯಾಶ್ (ಸ್ಕ್ರಿಪ್ಟನ್ನು ನಡೆಸುವುದು) ಈ ಮೂರೂ ಜೊತೆಯಾಗಿ ಬಂದಿದ್ದರೆ, ಎಂಟರ್ ಒತ್ತುವುದಕ್ಕೆ ಮೊದಲು ಆ ಸ್ಕ್ರಿಪ್ಟನ್ನು ಬೇರೆ ಕಡತವಾಗಿ ಇಳಿಸಿಕೊಂಡು ಒಮ್ಮೆ ಪೂರ್ತಿಯಾಗಿ ಓದಿ. ಅಂಥ ಒಂದು ಸ್ಕ್ರಿಪ್ಟ್ ನನ್ನ ಕಂಪ್ಯೂಟರಿನಲ್ಲಿ ಮಾಡಿಟ್ಟಿದ್ದ ಕೆಲಸವು ಬಹಳ ತಿಂಗಳ ನಂತರ, ಆ ತಂತ್ರಾಂಶಕ್ಕೆ ಯಾವ ಸಂಬಂಧವೂ ಇಲ್ಲವೆಂದು ತೋರುವ ಸಂದರ್ಭದಲ್ಲಿ, ನನ್ನ ಡೆಸ್ಕ್‌ಟಾಪನ್ನೇ ಕಿತ್ತುಹಾಕಿತು. ಆ ತಂತ್ರಾಂಶದ ಹೆಸರನ್ನು ನಾನು ಹೇಳುವುದಿಲ್ಲ, ಏಕೆಂದರೆ ಇದೇ ರೀತಿಯಲ್ಲಿ ನಡೆದುಕೊಳ್ಳುವ ತಂತ್ರಾಂಶಗಳು ಹಲವಾರಿವೆ.

ಪಾಠದ ವೀಡಿಯೊಗಳನ್ನು ತಯಾರಿಸಲು ನನಗೆ ಒಂದು ಸ್ಕ್ರೀನ್ ರೆಕಾರ್ಡರ್ ಬೇಕಾಗಿತ್ತು. ತಯಾರಕರ ಅಧಿಕೃತ ಪುಟದಲ್ಲಿ ಡೆಬಿಯನ್ 12 ಬಳಸುವವರಿಗೆ ಅವರ ಸ್ಕ್ರಿಪ್ಟನ್ನು ನಡೆಸುವುದೊಂದೇ ದಾರಿಯೆಂದು ಬರೆದಿತ್ತು. ಅದು ಒಂದು ರೆಕಾರ್ಡರನ್ನು ಹಾಕುತ್ತದೆ ಎಂದಷ್ಟೇ ಪುಟವು ಹೇಳುತ್ತಿತ್ತು. ವಾಸ್ತವದಲ್ಲಿ ಅದು ತಯಾರಕರದೇ ಆದ ಒಂದು ರೆಪೊಸಿಟರಿಯನ್ನು (ತಂತ್ರಾಂಶ ಪ್ಯಾಕೇಜುಗಳ ಭಂಡಾರವನ್ನು), ಪ್ಯಾಕೇಜುಗಳನ್ನು ತಂದು ಹಾಕುವ ಸಾಧನವಾದ ಆಪ್ಟ್‌ನ ಮೂಲಗಳ ಪಟ್ಟಿಗೆ ಸೇರಿಸಿತು, ಅವರ ಸಹಿಯ ಕೀಲಿಯನ್ನು ಇಡೀ ವ್ಯವಸ್ಥೆಯು ನಂಬುವ ಕೀಲಿಗಳ ನಡುವೆ ಇರಿಸಿತು, ಮತ್ತು ಪ್ಯಾಕೇಜುಗಳ ಆದ್ಯತೆಯನ್ನು ತೀರ್ಮಾನಿಸುವ ಪ್ರಿಫರೆನ್ಸಸ್ ಫೋಲ್ಡರಿನಲ್ಲಿ ತಮ್ಮ ರೆಪೊಸಿಟರಿಗೆ 1001 ಎಂಬ ಅಂಕವನ್ನು ಬರೆದಿಟ್ಟಿತು. ಸಾಮಾನ್ಯ ರೆಪೊಸಿಟರಿಗಳ ಆದ್ಯತೆ 500. ಸಾವಿರವನ್ನು ಮೀರಿದ ಆದ್ಯತೆ ಇದ್ದರೆ, ಈಗಿರುವ ಆವೃತ್ತಿಗಿಂತ ಹಳೆಯದನ್ನಾದರೂ ಆಪ್ಟ್ ಅಲ್ಲಿಂದಲೇ ತಂದು ಹಾಕುತ್ತದೆ. ರೆಕಾರ್ಡರ್ ಚೆನ್ನಾಗಿಯೇ ಕೆಲಸ ಮಾಡಿತು. ಜೊತೆಯಲ್ಲಿ ಗ್ರಾಫಿಕ್ಸಿಗೆ ಸಂಬಂಧಿಸಿದ ಕೆಲವು ಲೈಬ್ರರಿಗಳು (ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಭಾಗಗಳು) ಡೆಬಿಯನ್ ಕೊಟ್ಟದ್ದಲ್ಲ, ಆ ತಯಾರಕರು ತಾವೇ ಕಟ್ಟಿದ್ದು ಎಂಬಂತಾಯಿತು. ಹೊರನೋಟಕ್ಕೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

2025ರ ಆಗಸ್ಟ್ 9ರಂದು ಡೆಬಿಯನ್ 13 ಬಿಡುಗಡೆಯಾಯಿತು. ಕೆಲವು ವಾರ ಕಳೆದ ಮೇಲೆ, ಬಿಡುಗಡೆ ಟಿಪ್ಪಣಿಗಳು ಹೇಳುವಂತೆ ಹೊರಗಿನ ರೆಪೊಸಿಟರಿಯನ್ನು ನಿಷ್ಕ್ರಿಯಗೊಳಿಸಿ, ಮೊದಲು ಕನಿಷ್ಠ ಅಪ್‌ಗ್ರೇಡ್, ನಂತರ ಫುಲ್-ಅಪ್‌ಗ್ರೇಡ್ ಎಂಬ ಕ್ರಮದಲ್ಲಿಯೇ ಹೊಸ ಆವೃತ್ತಿಗೆ ಹೋದೆ. ಕೆಲಸ ಮುಗಿದು ಯಂತ್ರ ಮತ್ತೆ ಆರಂಭವಾದಾಗ ಲಾಗಿನ್ ಪರದೆಯ ಬದಲು ಕಪ್ಪು ಪರದೆಯ ಮೇಲೆ ಅಕ್ಷರಗಳಷ್ಟೇ ಉಳಿದಿದ್ದವು. ನನ್ನ ಡೆಸ್ಕ್‌ಟಾಪ್ ಆದ ಗ್ನೋಮ್ ಶೆಲ್ ಇರಲಿಲ್ಲ, ಲಾಗಿನ್ ಪರದೆ ತೋರಿಸಿ ಅದನ್ನು ಆರಂಭಿಸುವ ಜಿಡಿಎಂ ಇರಲಿಲ್ಲ, ಅವುಗಳನ್ನು ಅವಲಂಬಿಸಿದ್ದ ಅನೇಕ ಅಪ್ಲಿಕೇಶನ್‌ಗಳೂ ಹೋಗಿದ್ದವು. ರೆಕಾರ್ಡರ್ ಮಾತ್ರ ಸುರಕ್ಷಿತವಾಗಿ ಕುಳಿತಿತ್ತು.

ಇದು ಹೇಗಾಯಿತೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ರೆಪೊಸಿಟರಿಯನ್ನು ತೆಗೆದರೆ ಸಾಕು ಎಂಬ ನಂಬಿಕೆಯು ನಮ್ಮಲ್ಲಿ ಬಹಳ ವ್ಯಾಪಕವಾಗಿದೆ. ರೆಪೊಸಿಟರಿಯ ಸಾಲನ್ನು ಅಳಿಸಿದಾಗ ಮುಂದೆ ಅಲ್ಲಿಂದ ಏನೂ ಬರುವುದಿಲ್ಲ ಎನ್ನುವುದು ನಿಜ. ಆದರೆ ಈಗಾಗಲೇ ಬಂದು ಕುಳಿತಿರುವ ಪ್ಯಾಕೇಜುಗಳು ಹಾಗೆಯೇ ಉಳಿಯುತ್ತವೆ. ಅವು ಹಳೆಯ ಆವೃತ್ತಿಗಳಾಗಿದ್ದರೆ ಡೆಬಿಯನ್‌ನ ಹೊಸ ಆವೃತ್ತಿ ಬಂದು ಅವುಗಳ ಮೇಲೆ ಕೂರುತ್ತದೆ, ತೊಂದರೆ ಇಲ್ಲ. ಆದರೆ ಈ ತಯಾರಕರು ತಮ್ಮ ಪ್ಯಾಕೇಜುಗಳ ಆವೃತ್ತಿ ಸಂಖ್ಯೆಯ ಆರಂಭದಲ್ಲಿ ಎಪೋಕ್ ಎಂದು ಕರೆಯುವ ಹೆಚ್ಚುವರಿ ಅಂಕಿಯೊಂದನ್ನು ಸೇರಿಸಿದ್ದರು. ಡೆಬಿಯನ್ ಪದ್ಧತಿಯಲ್ಲಿ ಆವೃತ್ತಿಗಳನ್ನು ಹೋಲಿಸುವಾಗ ಎಪೋಕ್ ಅಂಕಿಯನ್ನು ಎಲ್ಲಕ್ಕಿಂತ ಮೊದಲು ನೋಡಲಾಗುತ್ತದೆ. ಆದ್ದರಿಂದ ಎಪೋಕ್ ಹೆಚ್ಚಿರುವ ಹಳೆಯ ಲೈಬ್ರರಿಯು, ವರ್ಷಗಟ್ಟಲೆ ಈಚಿನದಾದ ಡೆಬಿಯನ್ ಲೈಬ್ರರಿಗಿಂತಲೂ ಹೊಸದೆಂದೇ ಲೆಕ್ಕಕ್ಕೆ ಬರುತ್ತದೆ. ಸಾವಿರವನ್ನು ಮೀರಿದ ಆದ್ಯತೆ ಇಲ್ಲದಿದ್ದರೆ ಆಪ್ಟ್ ತಾನಾಗಿ ಹೆಚ್ಚಿನ ಆವೃತ್ತಿಯಿಂದ ಕಡಿಮೆ ಆವೃತ್ತಿಗೆ ಇಳಿಯುವುದಿಲ್ಲ.

ಇಲ್ಲಿಗೆ ಗ್ರಾಫಿಕ್ಸ್ ಲೈಬ್ರರಿಗಳ ಇನ್ನೊಂದು ಗುಣ ಸೇರಿಕೊಂಡಿತು. ಪರದೆಯ ಮೇಲೆ ಚಿತ್ರ ಮೂಡಿಸಲು ನೆರವಾಗುವ ಮೆಸಾ ಯೋಜನೆಯ ಲೈಬ್ರರಿಗಳು ಒಂದನ್ನೊಂದು ನಿಖರವಾದ ಆವೃತ್ತಿಯಲ್ಲಿ ಬೇಡುತ್ತವೆ. ಉದಾಹರಣೆಗೆ, ಇಜಿಎಲ್ ಎಂಬ ಲೈಬ್ರರಿಯ ಮೆಸಾ ಭಾಗಕ್ಕೆ ಜಿಬಿಎಂ ಎಂಬ ಇನ್ನೊಂದು ಲೈಬ್ರರಿಯು ತನ್ನದೇ ಆವೃತ್ತಿಯದಾಗಿರಬೇಕು, ಅದಕ್ಕಿಂತ ಹೊಸದಾದರೂ ಆಗದು. ನನ್ನ ಯಂತ್ರದಲ್ಲಿದ್ದ ಜಿಬಿಎಂ ಎಪೋಕ್ ಅಂಕಿಯ ಬಲದಿಂದ ಕದಲಲಿಲ್ಲ, ಹೀಗಾಗಿ ಡೆಬಿಯನ್ 13ರ ಇಜಿಎಲ್ ಬಂದು ಸೇರಲಾಗಲಿಲ್ಲ, ಇಜಿಎಲ್ ಇಲ್ಲದೆ ಗ್ನೋಮ್‌ನ ಹೊಸ ಆವೃತ್ತಿಗೆ ನೆಲೆಯಿರಲಿಲ್ಲ. ಸಾದಾ ಅಪ್‌ಗ್ರೇಡ್ ಆಜ್ಞೆಯು ಇರುವ ಯಾವ ಪ್ಯಾಕೇಜನ್ನೂ ತೆಗೆಯುವುದಿಲ್ಲ, ಆದರೆ ಫುಲ್-ಅಪ್‌ಗ್ರೇಡ್‌ಗೆ ಪ್ಯಾಕೇಜುಗಳನ್ನು ತೆಗೆದು ಗಂಟು ಬಿಡಿಸುವ ಅಧಿಕಾರವಿದೆ. ಅದು ಆ ಅಧಿಕಾರವನ್ನು ಬಳಸಿ ಡೆಸ್ಕ್‌ಟಾಪನ್ನು ತೆಗೆದುಹಾಕಿತು. ತೆಗೆಯಲಾಗುವ ಪ್ಯಾಕೇಜುಗಳ ಪಟ್ಟಿಯನ್ನು ಅದು ಮೊದಲೇ ತೋರಿಸುತ್ತದೆ ಎಂಬುದು ಸರಿ. ಆದರೆ ಡೆಬಿಯನ್ 13ರಲ್ಲಿ ಸಮಯದ ಲೆಕ್ಕವನ್ನು 64 ಬಿಟ್‌ಗೆ ಬದಲಾಯಿಸಿದ ಕಾರಣ ನೂರಾರು ಲೈಬ್ರರಿಗಳ ಹೆಸರುಗಳೇ ಬದಲಾಗಿದ್ದು, ಹಳೆಯ ಹೆಸರಿನವು ಸಹಜವಾಗಿಯೇ ಹೊರಹೋಗುತ್ತವೆ. ಆ ಉದ್ದದ ಪಟ್ಟಿಯ ನಡುವೆ ಗ್ನೋಮ್‌ನ ಹೆಸರೂ ಇರುತ್ತದೆ.

ಆಪ್ಟ್‌ನಲ್ಲಿ ಇದಕ್ಕೆ ತಡೆ ಇಲ್ಲವೇ ಎಂದು ಕೇಳಬಹುದು. 2021ರಲ್ಲಿ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ತಮ್ಮ ವೀಡಿಯೊ ಸರಣಿಯಲ್ಲಿ ಉಬುಂಟು ಆಧಾರಿತ ಪಾಪ್ ಓಎಸ್ ಮೇಲೆ ಸ್ಟೀಮ್ ಎಂಬ ಆಟಗಳ ತಂತ್ರಾಂಶವನ್ನು ಹಾಕಲು ಹೋಗಿ ಡೆಸ್ಕ್‌ಟಾಪನ್ನೇ ಕಳೆದುಕೊಂಡದ್ದು ಬಹಳ ಜನರಿಗೆ ನೆನಪಿರುತ್ತದೆ. ಅದಾದ ಬಳಿಕ ಅತ್ಯಗತ್ಯವೆಂದು ಗುರುತಿಸಿದ ಪ್ಯಾಕೇಜುಗಳನ್ನು ತೆಗೆಯುವುದನ್ನು ಆಪ್ಟ್ ಇನ್ನಷ್ಟು ಬಿಗಿಗೊಳಿಸಿತು. ಆದರೆ ಡೆಬಿಯನ್‌ನಲ್ಲಿ ಡೆಸ್ಕ್‌ಟಾಪ್ ಆ ಅತ್ಯಗತ್ಯ ಪಟ್ಟಿಗೆ ಸೇರಿಲ್ಲ. ಡೆಸ್ಕ್‌ಟಾಪ್ ಇಲ್ಲದೆ ಸರ್ವರ್‌ಗಳನ್ನು ನಡೆಸುವವರೂ ಅದೇ ಡೆಬಿಯನ್ ಬಳಸುವುದರಿಂದ ಅದು ಸರಿಯಾದ ನಿರ್ಧಾರವೇ. ಹಾಗಾಗಿ ಆ ತಡೆಯು ಇಂಥ ಸಂದರ್ಭದಲ್ಲಿ ನೆರವಿಗೆ ಬರುವುದಿಲ್ಲ.

ಇದೇ ಸ್ಥಿತಿಗೆ ತಲುಪಿದವರು ಗಾಬರಿಯಿಂದ ಮರುಸ್ಥಾಪನೆಗೆ ಇಳಿಯಬೇಡಿ. ಪ್ಯಾಕೇಜುಗಳನ್ನು ತೆಗೆದರೂ ಹೋಮ್ ಫೋಲ್ಡರಿನ ಕಡತಗಳಿಗೆ ಏನೂ ಆಗುವುದಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಕ್ಷರ ಪರದೆಯಲ್ಲಿ ಲಾಗಿನ್ ಆಗಬಹುದು. ಕೇಬಲ್ ಮೂಲಕ ಇಂಟರ್ನೆಟ್ ಸಿಗುವಂತಿದ್ದರೆ ಕೆಲಸ ಸುಲಭ. ಆಪ್ಟ್ ತಾನು ಮಾಡಿದ್ದನ್ನೆಲ್ಲ ಹಿಸ್ಟರಿ ಲಾಗ್‌ನಲ್ಲಿ ದಿನಾಂಕ ಸಮೇತ ಬರೆದಿಡುತ್ತದೆ, ಯಾವ ಪ್ಯಾಕೇಜುಗಳು ಹೋದವೆಂಬುದು ಅಲ್ಲಿ ಪೂರ್ತಿ ಸಿಗುತ್ತದೆ. ಆಪ್ಟ್-ಕ್ಯಾಶ್ ಪಾಲಿಸಿ ಎಂಬ ಆಜ್ಞೆಗೆ ಒಂದು ಪ್ಯಾಕೇಜಿನ ಹೆಸರು ಕೊಟ್ಟರೆ, ಈಗಿರುವ ಆವೃತ್ತಿ ಯಾವುದು, ರೆಪೊಸಿಟರಿಯಲ್ಲಿ ಲಭ್ಯವಿರುವುದು ಯಾವುದು, ಯಾವ ಮೂಲದ ಆದ್ಯತೆ ಎಷ್ಟು ಎಂಬುದನ್ನು ಅದು ತೋರಿಸುತ್ತದೆ. ಜಿಬಿಎಂನ ಎಪೋಕ್ ಅಂಕಿ ನನ್ನ ಕಣ್ಣಿಗೆ ಬಿದ್ದದ್ದು ಅಲ್ಲಿಯೇ. ನಂತರ ಆ ಲೈಬ್ರರಿಗಳ ಹೆಸರಿನ ಕೊನೆಗೆ ಒಂದು ಓರೆಗೆರೆ ಹಾಕಿ, ಹೊಸ ಆವೃತ್ತಿಯ ಹೆಸರಾದ ಟ್ರಿಕ್ಸಿಯನ್ನು ಸೇರಿಸಿ ಇನ್‌ಸ್ಟಾಲ್ ಆಜ್ಞೆ ಕೊಟ್ಟಾಗ, ಆವೃತ್ತಿಯನ್ನು ಇಳಿಸಲಾಗುತ್ತಿದೆ ಎಂಬ ಎಚ್ಚರಿಕೆಯೊಂದಿಗೆ ಆಪ್ಟ್ ಅವುಗಳನ್ನು ಡೆಬಿಯನ್‌ನ ಆವೃತ್ತಿಗೆ ಇಳಿಸಿತು. ಆಮೇಲೆ ಗ್ನೋಮ್ ಅನ್ನು ಮತ್ತೆ ಹಾಕಲು ಯಾವ ಅಡ್ಡಿಯೂ ಬರಲಿಲ್ಲ. ಕೇಳಲು ಸರಳವೆನಿಸಿದರೂ, ದೋಷ ಎಲ್ಲಿದೆಯೆಂದು ಹುಡುಕುತ್ತ ಕಳೆದ ಸಮಯ ಮತ್ತು ನಿಂತುಹೋದ ಕೆಲಸ ಬಹಳ ದೊಡ್ಡದು. ತಯಾರಕರಿಗೆ ಬರೆದಾಗ, ಡೆಬಿಯನ್ 13ಕ್ಕೆ ತಾವು ಇನ್ನೂ ಬೆಂಬಲ ಘೋಷಿಸಿಲ್ಲ ಎಂಬ ಉತ್ತರವಷ್ಟೇ ಬಂತು. ಬಳಕೆದಾರರ ಯಂತ್ರದ ಗ್ರಾಫಿಕ್ಸ್ ಲೈಬ್ರರಿಗಳನ್ನು ಹೇಳದೆ ಕೇಳದೆ ಬದಲಿಸಿದ ಬಗ್ಗೆ ಒಂದು ಮಾತೂ ಇರಲಿಲ್ಲ. ಇದು ನನಗೆ ಈಗಲೂ ಅಸಮಾಧಾನದ ಸಂಗತಿ.

ಇನ್ನೊಂದು ವಿಷಯ ತಿಳಿದದ್ದು ಎಲ್ಲವೂ ಸರಿಯಾದ ಮರುದಿನ. ನಾನು ಅಳಿಸಿಹಾಕಿದ್ದ ರೆಪೊಸಿಟರಿಯ ಕಡತವು ಮತ್ತೆ ಅದೇ ಜಾಗದಲ್ಲಿ ಬಂದು ಕುಳಿತಿತ್ತು. ರೆಕಾರ್ಡರಿನ ಪ್ಯಾಕೇಜು ದಿನಕ್ಕೊಮ್ಮೆ ನಡೆಯುವ ಒಂದು ಕ್ರಾನ್ ಕೆಲಸವನ್ನು (ನಿಗದಿತ ಸಮಯಕ್ಕೆ ತಾನಾಗಿ ನಡೆಯುವ ಆಜ್ಞೆಯನ್ನು) ಹಾಕಿಟ್ಟಿತ್ತು, ಅದು ಕಡತ ಇಲ್ಲದಿದ್ದರೆ ಹೊಸದಾಗಿ ಬರೆಯುತ್ತಿತ್ತು. ಈ ಅಭ್ಯಾಸ ಕೆಲವು ಹೆಸರಾಂತ ತಂತ್ರಾಂಶಗಳಲ್ಲಿಯೂ ಇದೆ. ಆದ್ದರಿಂದ ಹೊರಗಿನ ತಂತ್ರಾಂಶವೊಂದನ್ನು ಹಾಕಿದವರು ಇಟಿಸಿ ಫೋಲ್ಡರಿನೊಳಗಿರುವ ಕ್ರಾನ್ ಡೈಲಿ ಫೋಲ್ಡರನ್ನೂ, ಅದೇ ಬಗೆಯ ಕೆಲಸ ಮಾಡುವ ಸಿಸ್ಟಂಡಿಯ ಟೈಮರ್‌ಗಳ ಪಟ್ಟಿಯನ್ನೂ ಒಮ್ಮೆ ನೋಡಬೇಕು.

ನಾವು ಸುಡೊ ಜೊತೆಗೆ ಪಾಸ್‌ವರ್ಡ್ ಕೊಟ್ಟಾಗ ಒಂದು ಅಪ್ಲಿಕೇಶನ್‌ಗೆ ಮಾತ್ರ ಅನುಮತಿ ಕೊಟ್ಟಂತೆ ಭಾವಿಸುತ್ತೇವೆ. ಆದರೆ ಡೆಬಿಯನ್ ಮಾದರಿಯ ಡೆಬ್ ಪ್ಯಾಕೇಜಿನೊಳಗೆ, ಅದನ್ನು ಹಾಕುವಾಗ ಮತ್ತು ತೆಗೆಯುವಾಗ ನಡೆಯುವ ಸ್ಕ್ರಿಪ್ಟುಗಳಿರಬಹುದು, ಅವು ರೂಟ್ ಅಧಿಕಾರದಲ್ಲಿಯೇ, ಅಂದರೆ ಇಡೀ ಯಂತ್ರದ ಮೇಲಿನ ಪೂರ್ಣ ಅಧಿಕಾರದಲ್ಲಿಯೇ ನಡೆಯುತ್ತವೆ. ರೆಪೊಸಿಟರಿಯನ್ನು ಸೇರಿಸಿದರೆ ಅದರ ಮಾಲೀಕರು ಇಂದಿಗಷ್ಟೇ ಅಲ್ಲದೆ ಮುಂದಿನ ಪ್ರತಿಯೊಂದು ಅಪ್‌ಡೇಟ್‌ನಲ್ಲಿಯೂ ನಮ್ಮ ಯಂತ್ರದ ಯಾವ ಪ್ಯಾಕೇಜನ್ನಾದರೂ ಬದಲಿಸಬಹುದು. ಮನೆಯ ಒಂದು ಕೋಣೆಗೆ ಬಣ್ಣ ಬಳಿಯಲು ಬಂದವರಿಗೆ ಇಡೀ ಮನೆಯ ಬೀಗದ ಕೈಗೊಂಚಲನ್ನು ಕೊಟ್ಟು, ಮರಳಿ ಪಡೆಯದೆ ಬಿಟ್ಟಂತೆ ಇದು. ತಯಾರಕರು ಸಜ್ಜನರಾಗಿದ್ದರೂ ಅವರ ಸರ್ವರ್ ಬೇರೆಯವರ ಕೈಗೆ ಹೋಗಬಹುದು. 2021ರಲ್ಲಿ ಕೋಡ್‌ಕೋವ್ ಎಂಬ ಸಂಸ್ಥೆಯ ಬ್ಯಾಶ್ ಸ್ಕ್ರಿಪ್ಟನ್ನು ದುಷ್ಕರ್ಮಿಗಳು ಬದಲಿಸಿದ್ದು ಜನವರಿ ಕೊನೆಯಿಂದ ಏಪ್ರಿಲ್ ಆರಂಭದವರೆಗೆ ಯಾರಿಗೂ ತಿಳಿದಿರಲಿಲ್ಲ. ಇಳಿಸಿಕೊಂಡ ಸ್ಕ್ರಿಪ್ಟಿನ ಚೆಕ್‌ಸಮ್ (ಕಡತ ಬದಲಾಗಿದೆಯೇ ಎಂದು ತಿಳಿಯಲು ಬಳಸುವ ಗುರುತು), ಪ್ರಕಟಿಸಿದ ಚೆಕ್‌ಸಮ್‌ಗೆ ಹೊಂದುತ್ತಿಲ್ಲವೆಂದು ಒಬ್ಬ ಗ್ರಾಹಕರು ಗಮನಿಸಿದ್ದರಿಂದ ಅದು ಬೆಳಕಿಗೆ ಬಂತು. ಆರ್ಚ್ ಲಿನಕ್ಸ್ ಬಳಸುವವರೂ ಇದರಿಂದ ಹೊರತಲ್ಲ: 2025ರ ಜುಲೈನಲ್ಲಿ ಬಳಕೆದಾರರ ರೆಪೊಸಿಟರಿಯಾದ ಎಯುಆರ್‌ನಲ್ಲಿ ಫೈರ್‌ಫಾಕ್ಸ್, ಲಿಬ್ರೆವುಲ್ಫ್, ಝೆನ್ ಬ್ರೌಸರ್‌ಗಳ ಹೆಸರು ಹೊತ್ತ ಪ್ಯಾಕೇಜುಗಳಲ್ಲಿ ಯಂತ್ರವನ್ನು ದೂರದಿಂದ ನಿಯಂತ್ರಿಸುವ ದುಷ್ಟ ತಂತ್ರಾಂಶ ಸಿಕ್ಕಿತ್ತು.

ಹಾಗಾದರೆ ಹೊಸ ತಂತ್ರಾಂಶ ಬೇಕಾದವರು ಏನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ ಮೊದಲು ನಿಮ್ಮ ವ್ಯವಸ್ಥೆಯದೇ ರೆಪೊಸಿಟರಿಯಲ್ಲಿರುವ ಆವೃತ್ತಿಯನ್ನು ಬಳಸಿ ನೋಡಿ. ಅದು ಸ್ವಲ್ಪ ಹಳೆಯದಾಗಿದ್ದರೂ ಬಹುತೇಕ ಕೆಲಸಗಳಿಗೆ ಸಾಕು. ಡೆಬಿಯನ್‌ನಲ್ಲಿ ಹೊಸ ಆವೃತ್ತಿಗಳನ್ನು ಕೊಡುವ ಬ್ಯಾಕ್‌ಪೋರ್ಟ್ಸ್ ರೆಪೊಸಿಟರಿ ಇದೆ, ಅದರ ಆದ್ಯತೆ 100 ಆಗಿರುವುದರಿಂದ ನೀವು ಕೇಳಿದ ಪ್ಯಾಕೇಜನ್ನು ಬಿಟ್ಟು ಬೇರೇನನ್ನೂ ಅದು ತಾನಾಗಿ ಬದಲಿಸುವುದಿಲ್ಲ. ಅದೂ ಸಾಲದಿದ್ದರೆ ಫ್ಲಾಟ್‌ಪ್ಯಾಕ್ ಒಳ್ಳೆಯದು. ಫ್ಲಾಟ್‌ಪ್ಯಾಕ್ ಅಪ್ಲಿಕೇಶನ್ ತನಗೆ ಬೇಕಾದ ಲೈಬ್ರರಿಗಳನ್ನು ಪ್ರತ್ಯೇಕ ರನ್‌ಟೈಮ್‌ನಲ್ಲಿ ಇಟ್ಟುಕೊಳ್ಳುವುದರಿಂದ ವ್ಯವಸ್ಥೆಯ ಜಿಬಿಎಂ ಅನ್ನು ಮುಟ್ಟುವ ಪ್ರಶ್ನೆಯೇ ಬರುವುದಿಲ್ಲ. ಡಿಸ್ಕಿನಲ್ಲಿ ಹೆಚ್ಚು ಜಾಗ ಬೇಕಾಗುತ್ತದೆ, ಮತ್ತು ಕೆಲವು ಅಪ್ಲಿಕೇಶನ್‌ಗಳು ಎಲ್ಲ ಕಡತಗಳನ್ನೂ ನೋಡುವ ಅನುಮತಿಯನ್ನು ಕೇಳುತ್ತವೆ, ಅದನ್ನು ಫ್ಲಾಟ್‌ಸೀಲ್ ಎಂಬ ಅಪ್ಲಿಕೇಶನ್‌ನಲ್ಲಿ ಪರಿಶೀಲಿಸಿ ಕಡಿಮೆ ಮಾಡಬಹುದು. ನಾನು ಈಗ ಓಬಿಎಸ್ ಸ್ಟುಡಿಯೊ ಎಂಬ ರೆಕಾರ್ಡರನ್ನು ಫ್ಲಾಟ್‌ಪ್ಯಾಕ್‌ಗಳ ಭಂಡಾರವಾದ ಫ್ಲಾಟ್‌ಹಬ್‌ನಿಂದಲೇ ಹಾಕಿಕೊಂಡಿದ್ದೇನೆ. ಧ್ವನಿ, ದೃಶ್ಯಗಳನ್ನು ಸಾಗಿಸುವ ಪೈಪ್‌ವೈರ್ ಮೂಲಕ, ವೇಲ್ಯಾಂಡ್ ಎಂಬ ಹೊಸ ಪ್ರದರ್ಶನ ವ್ಯವಸ್ಥೆಯ ಪರದೆಯೂ ಸರಿಯಾಗಿ ರೆಕಾರ್ಡ್ ಆಗುತ್ತದೆ.

ಹೊರಗಿನ ರೆಪೊಸಿಟರಿ ಅನಿವಾರ್ಯವಾದವರು ಸ್ಕ್ರಿಪ್ಟನ್ನು ಬಿಟ್ಟು ಕೈಯಿಂದಲೇ ಸೇರಿಸಿ. ಕೀಲಿಯನ್ನು ಪ್ರತ್ಯೇಕ ಕಡತವಾಗಿ ಇಟ್ಟು, ಸೈನ್ಡ್-ಬೈ ಎಂಬ ಗುರುತಿನಿಂದ ಅದನ್ನು ಆ ರೆಪೊಸಿಟರಿಗೆ ಮಾತ್ರ ಕಟ್ಟಿಹಾಕಿ. ಅಷ್ಟಕ್ಕೇ ಲೈಬ್ರರಿಗಳ ಬದಲಾವಣೆ ನಿಲ್ಲುವುದಿಲ್ಲವಾದ್ದರಿಂದ ಪ್ರಿಫರೆನ್ಸಸ್ ಫೋಲ್ಡರಿನಲ್ಲಿ ಆ ಮೂಲದ ಎಲ್ಲ ಪ್ಯಾಕೇಜುಗಳಿಗೂ 1 ಎಂಬ ಆದ್ಯತೆಯನ್ನು ಕೊಟ್ಟು, ನಿಮಗೆ ಬೇಕಾದ ಒಂದು ಪ್ಯಾಕೇಜಿಗೆ ಮಾತ್ರ 500 ಕೊಡಿ. ನೂರಕ್ಕಿಂತ ಕಡಿಮೆ ಆದ್ಯತೆಯ ಮೂಲವು ಈಗಾಗಲೇ ಯಂತ್ರದಲ್ಲಿರುವ ಪ್ಯಾಕೇಜನ್ನು ಮುಟ್ಟುವುದಿಲ್ಲ.

ಆವೃತ್ತಿ ಬದಲಾಯಿಸಲು ಹೊರಟವರು ಅದಕ್ಕೆ ಮೊದಲು ಟೈಮ್‌ಶಿಫ್ಟ್ ಎಂಬ ತಂತ್ರಾಂಶದಲ್ಲಿ ವ್ಯವಸ್ಥೆಯ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಳ್ಳಿ. ಅದು ಸಾಮಾನ್ಯವಾಗಿ ಹೋಮ್ ಫೋಲ್ಡರನ್ನು ಸೇರಿಸುವುದಿಲ್ಲ, ನಿಮ್ಮ ಕಡತಗಳಿಗೆ ಬೇರೆ ಬ್ಯಾಕಪ್ ಬೇಕು. ಡೆಬಿಯನ್‌ನ ಬಿಡುಗಡೆ ಟಿಪ್ಪಣಿಗಳಲ್ಲಿ, ಡೆಬಿಯನ್ ಮೂಲದಿಂದ ಬಾರದ ಪ್ಯಾಕೇಜುಗಳನ್ನೆಲ್ಲ ಪಟ್ಟಿ ಮಾಡುವ ಆಪ್ಟ್ ಆಜ್ಞೆಯೊಂದು ಇದೆ. ಅದರ ಪಟ್ಟಿಯಲ್ಲಿ ಅಪ್ಲಿಕೇಶನ್‌ಗಳಿಗಿಂತ ಲೈಬ್ರರಿಗಳ ಹೆಸರನ್ನೇ ಮುಖ್ಯವಾಗಿ ನೋಡಿ, ಲಿಬ್ ಎಂದು ಆರಂಭವಾಗುವ ಯಾವ ಹೆಸರು ಕಂಡರೂ ಅದನ್ನು ಹಳೆಯ ಡೆಬಿಯನ್‌ನಲ್ಲಿ ಇರುವಾಗಲೇ ಡೆಬಿಯನ್‌ನ ಆವೃತ್ತಿಗೆ ಇಳಿಸಿಬಿಡಿ. ಇಳಿಸುವ ಮೊದಲು, ಆ ರೆಪೊಸಿಟರಿಗೆ ಹೆಚ್ಚಿನ ಆದ್ಯತೆ ಕೊಟ್ಟಿರುವ ಕಡತವೇನಾದರೂ ಇದ್ದರೆ ಅದನ್ನು ತೆಗೆಯಬೇಕು, ಇಲ್ಲವಾದರೆ ಮುಂದಿನ ಅಪ್‌ಡೇಟ್‌ನಲ್ಲಿ ಅವೇ ಲೈಬ್ರರಿಗಳು ಹಿಂದಿರುಗುತ್ತವೆ. ನಂತರ ತಂತ್ರಾಂಶವನ್ನು ಪರ್ಜ್ ಆಜ್ಞೆಯಿಂದ ತೆಗೆಯಿರಿ, ಬರಿಯ ರಿಮೂವ್ ಆಜ್ಞೆಯು ಇಟಿಸಿ ಫೋಲ್ಡರಿನಲ್ಲಿರುವ ಅದರ ಕಡತಗಳನ್ನು ಉಳಿಸಿಬಿಡುತ್ತದೆ. ಕೊನೆಗೆ ಕೀಲಿ ಮತ್ತು ರೆಪೊಸಿಟರಿಯ ಕಡತಗಳನ್ನು ಅಳಿಸಿ, ಒಂದು ದಿನ ಬಿಟ್ಟು ಅವು ಮರಳಿ ಬಂದಿಲ್ಲವೆಂದು ನೋಡಿಕೊಂಡು ಅಪ್‌ಗ್ರೇಡ್‌ಗೆ ಕೈ ಹಾಕಿ. ಫುಲ್-ಅಪ್‌ಗ್ರೇಡ್ ಅನ್ನು ಮೊದಲು, ಏನನ್ನೂ ಬದಲಿಸದೆ ಆಗಲಿರುವುದನ್ನು ತೋರಿಸುವ ಸಿಮ್ಯುಲೇಟ್ ಆಯ್ಕೆಯೊಂದಿಗೆ ನಡೆಸಿ, ಬರುವ ಉತ್ತರವನ್ನು ಕಡತಕ್ಕೆ ಬರೆಸಿಕೊಂಡು, ನಿಮ್ಮ ಡೆಸ್ಕ್‌ಟಾಪ್ ಗ್ನೋಮ್ ಆಗಿದ್ದರೆ ಗ್ನೋಮ್-ಶೆಲ್, ಕೆಡಿಇ ಆಗಿದ್ದರೆ ಪ್ಲಾಸ್ಮಾ-ಡೆಸ್ಕ್‌ಟಾಪ್ ಎಂಬ ಹೆಸರನ್ನು ತೆಗೆಯಲಾಗುವ ಪ್ಯಾಕೇಜುಗಳ ಸಾಲುಗಳಲ್ಲಿ ಹುಡುಕಿ. ಆ ಹೆಸರು ಅಲ್ಲಿ ಕಂಡರೆ ನಿಜವಾದ ಆಜ್ಞೆಯನ್ನು ನಡೆಸಬೇಡಿ.