ಹೊಟ್ಟಿನ ಬೂದಿಯೋ, ಕಲ್ಲಿದ್ದಲ ಹಾರುಬೂದಿಯೋ?

ಮಂಡ್ಯದವರಿಗೆ ಭತ್ತದ ಹೊಟ್ಟಿನ ಬೂದಿ ಅಕ್ಕಿ ಗಿರಣಿಯಲ್ಲೇ ಸಿಗುತ್ತದೆ. ಹಾರುಬೂದಿ ರಾಯಚೂರು, ಬಳ್ಳಾರಿ ಕಡೆಯ ವಿದ್ಯುತ್ ಸ್ಥಾವರಗಳಿಂದ ಬರಬೇಕು. ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡ್ ಹಿಡಿಯುವ ವಸ್ತು ಎರಡರಿಂದಲೂ ಆಗುತ್ತದೆ, ದಾರಿ ಬೇರೆ.

ಹಾರುಬೂದಿಯಲ್ಲಿ ಸಿಲಿಕಾ (ಮರಳಿನ ಮುಖ್ಯ ಅಂಶ), ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಎರಡೂ ಇವೆ. ಜಿಯೋಲೈಟ್‌ಗೆ, ಅಂದರೆ ಅನಿಲ ಹೀರುವ ಸೂಕ್ಷ್ಮ ರಂಧ್ರಗಳ ಹರಳಿಗೆ, ಅದೇ ಸರಿ. 1 ಭಾಗ ಬೂದಿಗೆ 1.2 ಭಾಗ ಕಾಸ್ಟಿಕ್ ಸೋಡಾ ಬೆರೆಸಿ 550 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಪುಡಿಮಾಡಿ, ನೀರಲ್ಲಿ ರಾತ್ರಿಯಿಡೀ ಕಲಕಿ, 90–100 ಡಿಗ್ರಿಯಲ್ಲಿ ಹರಳುಗಟ್ಟಿಸಬೇಕು. ಕಾಯಿಸುವ ಹಂತ ಬಿಟ್ಟರೆ ಬೂದಿಯಲ್ಲಿರುವ ಮುಲ್ಲೈಟ್, ಕ್ವಾರ್ಟ್ಸ್ ಎಂಬ ಗಟ್ಟಿ ಹರಳುಗಳು ಕರಗದೆ ಉಳಿಯುತ್ತವೆ. ಹರಳುಗಟ್ಟಿಸುವುದು ಅತಿಯಾದರೆ ಸೋಡಲೈಟ್ ಎಂಬ ಬೇರೆ ಹರಳಾಗಿಬಿಡುತ್ತದೆ. ಅದರ ಕಿರಿದಾದ ರಂಧ್ರದೊಳಗೆ ಅನಿಲ ನುಗ್ಗದು.

ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಲ್ಯೂಮಿನಾ ಅತ್ಯಲ್ಪ. ಜಿಯೋಲೈಟ್ ಬೇಕೆಂದರೆ ಸೋಡಿಯಂ ಅಲ್ಯೂಮಿನೇಟ್ ಕೊಳ್ಳಬೇಕು, ಖರ್ಚು. ಬದಲಿಗೆ ಕಾಸ್ಟಿಕ್ ದ್ರಾವಣದಲ್ಲಿ ಕುದಿಸಿ ಸೋಸಿ, ಆಮ್ಲ ಹನಿಸಿ ಸಿಲಿಕಾ ಜೆಲ್ ಇಳಿಸಿ, ತೊಳೆದು ಒಣಗಿಸಿ ಅಮೈನ್ (ಇಂಗಾಲದ ಡೈಆಕ್ಸೈಡ್ ಹಿಡಿಯುವ ಸಾರಜನಕಯುಕ್ತ ರಾಸಾಯನಿಕ) ಹೀರಿಸಿ. ಹೊಟ್ಟು 700 ಡಿಗ್ರಿ ಮೀರಿ ಉರಿದಿದ್ದರೆ ಸಿಲಿಕಾ ಹರಳಾಗಿ ಸುಲಭಕ್ಕೆ ಕರಗದು. ಮೂಟೆಗಟ್ಟಲೆ ತರುವ ಮುನ್ನ ಒಂದು ಹಿಡಿ ಬೂದಿ ಕಾಸ್ಟಿಕ್ ದ್ರಾವಣದಲ್ಲಿ ಕುದಿಸಿ, ಕರಗುತ್ತದೆಯೇ ನೋಡಿ!

ನಿಮ್ಮ ಹೊಗೆ ಒದ್ದೆಯೇ? ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಉರಿಸುವ ಬಾಯ್ಲರ್‌ನದು ಬಹಳ ಒದ್ದೆ. ಜಿಯೋಲೈಟ್ ಮೊದಲು ನೀರನ್ನೇ ಹೀರುತ್ತದೆ, ಹೊಗೆ ಒಣಗಿಸದೆ ಹಾಕಿದರೆ ದಂಡ. ಅಲ್ಲಿ ಅಮೈನ್ ಹೀರಿಸಿದ ಸಿಲಿಕಾ ವಾಸಿ. ಆದರೆ ಬಿಸಿ ಗಾಳಿಯಲ್ಲಿ ಅದು ಬೇಗ ಕೆಡುತ್ತದೆ.