ಲಾರಿಗೆ ಹಾಕಿಸಿದ ಇಗ್ನಿಷನ್ ಇಂಟರ್‌ಲಾಕ್: ಸಾಧನ ಗಟ್ಟಿ, ಅದರ ಬೆನ್ನಿಗೆ ಕಾನೂನು ಇಲ್ಲ

ದಾವಣಗೆರೆಯ ಎಪಿಎಂಸಿಯಿಂದ ಮೆಕ್ಕೆಜೋಳ ತುಂಬಿಕೊಂಡು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗ, ಹಿರಿಯೂರು ಹಾದು ಬೆಂಗಳೂರಿನ ಕಡೆಗೆ ಓಡಾಡುವ ನಮ್ಮ ಲಾರಿಗೆ, ಕುಡಿದವರ ಕೈಯಲ್ಲಿ ಸ್ಟಾರ್ಟ್ ಆಗದಂತೆ ತಡೆಯುವ ಇಗ್ನಿಷನ್ ಇಂಟರ್‌ಲಾಕ್ ಸಾಧನವನ್ನು ಹಾಕಿಸಿ ಒಂದು ಸುಗ್ಗಿ ಕಳೆದಿದೆ. ನಮ್ಮಲ್ಲಿ ಇದು ಕಡ್ಡಾಯವಲ್ಲ; ರಾತ್ರಿ ಪ್ರಯಾಣದ ಭಯಕ್ಕೆ ನಾವೇ ಹಾಕಿಸಿದ್ದು. ಕೊಳ್ಳುವ ಯೋಚನೆಯಲ್ಲಿರುವ ಇತರ ಲಾರಿ ಮಾಲೀಕರಿಗಾಗಿ ಈ ವಿಮರ್ಶೆ.

ಚಾಲಕನು ಕೊಳವೆಗೆ ಊದಿದಾಗ ಉಸಿರಿನಲ್ಲಿರುವ ಮದ್ಯಸಾರ ನಿಗದಿತ ಮಿತಿಯೊಳಗಿದ್ದರೆ ಮಾತ್ರ ಸೆಲ್ಫ್ ಹೊಡೆಯುತ್ತದೆ. ನಾವು ಆರಿಸಿದ್ದು ಫ್ಯುಯೆಲ್ ಸೆಲ್ ಸಂವೇದಕದ ಮಾದರಿ, ಅಂದರೆ ಉಸಿರಿನ ಮದ್ಯಸಾರದ ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ವಿದ್ಯುತ್ತನ್ನು ಅಳೆಯುವಂಥದ್ದು. ಅಗ್ಗದ ಸೆಮಿಕಂಡಕ್ಟರ್ ಸಂವೇದಕಗಳು ಬೇರೆ ಆವಿಗಳಿಗೂ ಸ್ಪಂದಿಸುವುದರಿಂದ ಕುಡಿಯದವನನ್ನೂ ತಡೆದು ನಿಲ್ಲಿಸುವ ಸಾಧ್ಯತೆ ಹೆಚ್ಚು. ಬಾಯಿ ಮುಕ್ಕಳಿಸುವ ಕೆಲವು ಔಷಧಗಳಲ್ಲಿ ಮದ್ಯಸಾರವಿರುವುದರಿಂದ, ಅವನ್ನು ಬಳಸಿದ ಮೇಲೆ ಸುಮಾರು 15 ನಿಮಿಷ ಬಿಟ್ಟು ಊದಬೇಕು. ಅಳತೆಯ ವಿಷಯದಲ್ಲಿ ನನಗೆ ದೂರಿಲ್ಲ.

ನಿಜವಾದ ಪರೀಕ್ಷೆ ಇರುವುದು ತಪ್ಪಿಸಿಕೊಳ್ಳುವ ದಾರಿಗಳಲ್ಲಿ. ಕುಡಿಯದ ಕ್ಲೀನರ್‌ನಿಂದ ಊದಿಸುವುದು, ಢಾಬಾದ ಮುಂದೆ ಎಂಜಿನ್ ಆರಿಸದೆ ನಿಲ್ಲಿಸಿ ಕುಡಿದು ಬರುವುದು, ಇಳಿಜಾರಿನಲ್ಲಿ ಗೇರ್ ಹಾಕಿ ಸ್ಟಾರ್ಟ್ ಮಾಡುವುದು, ವೈರ್ ಬದಲಿಸುವುದು, ಹೀಗೆ ದಾರಿಗಳು ಹಲವು. ಅಳವಡಿಸುವ ದಿನವೇ ಗ್ಯಾರೇಜಿನ ಎಲೆಕ್ಟ್ರಿಷಿಯನ್ "ಎರಡು ವೈರ್ ಜೋಡಿಸಿದ್ರೆ ಸೆಲ್ಫ್ ಹೊಡಿತೈತ್ರಿ ಅಣ್ಣಾರ" ಎಂದು ನೇರವಾಗಿ ಹೇಳಿದ್ದರು, ಆ ಪ್ರಾಮಾಣಿಕತೆಗೆ ನಾನು ಕೃತಜ್ಞ. ಆದ್ದರಿಂದ ಊದುವವನ ಮುಖವನ್ನು ಸೆರೆಹಿಡಿಯುವ ಕ್ಯಾಮೆರಾ, ವೈರ್‌ಗಳ ಮೇಲೆ ಸೀಲ್, ಪರೀಕ್ಷೆಯಿಲ್ಲದೆ ಎಂಜಿನ್ ಓಡಿದ್ದನ್ನು ಸಮಯಸಹಿತ ದಾಖಲಿಸುವ ವ್ಯವಸ್ಥೆ, ದಾರಿಯ ಮಧ್ಯೆ ಮತ್ತೆ ಊದಿಸುವ ಮರುಪರೀಕ್ಷೆ ಇವಿಲ್ಲದ ಮಾದರಿಯನ್ನು ದಯವಿಟ್ಟು ಕೊಳ್ಳಬೇಡಿ. ಮರುಪರೀಕ್ಷೆಯಲ್ಲಿ ಸೋತರೂ ಎಂಜಿನ್ ಆರುವುದಿಲ್ಲ, ಹಾರ್ನ್ ಕೂಗುತ್ತದೆ, ದಾಖಲೆ ಉಳಿಯುತ್ತದೆ. ಹೆದ್ದಾರಿಯಲ್ಲಿ ಲೋಡ್ ಗಾಡಿ ಇದ್ದಕ್ಕಿದ್ದಂತೆ ನಿಂತರೆ ಹಿಂದಿನವರ ಪ್ರಾಣಕ್ಕೇ ಸಂಚಕಾರವಾದ್ದರಿಂದ ಈ ವಿನ್ಯಾಸ ಸರಿಯಾದದ್ದೇ.

ಆದರೆ ದಾಖಲೆಯನ್ನು ನೋಡಿ ದಂಡಿಸುವವರು ಯಾರು? ಅಮೆರಿಕದಲ್ಲಿ ಈ ಸಾಧನವನ್ನು ಹೆಚ್ಚಾಗಿ ಕುಡಿದು ಓಡಿಸಿ ಶಿಕ್ಷೆಗೊಳಗಾದವರ ವಾಹನಗಳಿಗೆ ಹಾಕಿಸುತ್ತಾರೆ, ಮತ್ತು ಅದನ್ನು ವಂಚಿಸುವುದೇ ಅಲ್ಲಿ ಪ್ರತ್ಯೇಕ ಅಪರಾಧ. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯ 23247ನೇ ಕಲಮಿನ ಪ್ರಕಾರ ಸಾಧನವನ್ನು ಕೆಡಿಸಿದವರಿಗೆ ಮಾತ್ರವಲ್ಲ, ಸಾಧನವಿಲ್ಲದೆ ಓಡಿಸಬಾರದೆಂಬ ನಿರ್ಬಂಧವಿರುವ ಚಾಲಕನ ಪರವಾಗಿ ಊದಿಕೊಟ್ಟವರಿಗೂ, ವಿಷಯ ಗೊತ್ತಿದ್ದೂ ಸಾಧನವಿಲ್ಲದ ವಾಹನವನ್ನು ಅವನಿಗೆ ಕೊಟ್ಟವರಿಗೂ ಆರು ತಿಂಗಳವರೆಗೆ ಜೈಲು, 5,000 ಡಾಲರ್‌ವರೆಗೆ ದಂಡ ಅಥವಾ ಎರಡೂ ಇವೆ. ಸಾಧನವಿಲ್ಲದ ಇನ್ನೊಂದು ಗಾಡಿ ಹತ್ತುವುದೇ ಎಲ್ಲಕ್ಕಿಂತ ಸುಲಭದ ವಂಚನೆಯಾದ್ದರಿಂದ ಗಾಡಿ ಕೊಡುವವರನ್ನೂ ಹೊಣೆ ಮಾಡಿದ್ದು ನನಗೆ ಬಹಳ ನ್ಯಾಯವೆನಿಸುತ್ತದೆ.

ನಮ್ಮ ಮೋಟಾರು ವಾಹನಗಳ ಕಾಯಿದೆ, 1988ರ 185ನೇ ಕಲಮು ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದರೆ ಮೊದಲ ಬಾರಿಗೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡನ್ನೂ, ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ ಅಥವಾ ಎರಡನ್ನೂ ಹೇಳುತ್ತದೆ. ಈ ದಂಡದ ಮೊತ್ತಗಳು 2019ರ ತಿದ್ದುಪಡಿಯಿಂದ ಬಂದವು. 188ನೇ ಕಲಮು ಆ ಅಪರಾಧಕ್ಕೆ ದುಷ್ಪ್ರೇರಣೆ ಕೊಟ್ಟವರಿಗೂ ಅದೇ ಶಿಕ್ಷೆ ವಿಧಿಸುತ್ತದೆ. ಇಂಟರ್‌ಲಾಕ್ ಎಂಬುದೇ ಕಾಯಿದೆಯ ಕಡ್ಡಾಯದಲ್ಲಿ ಇಲ್ಲದಿರುವಾಗ, ಅದರ ಸೀಲ್ ಒಡೆದವನು ಕುಡಿದು ಓಡಿಸುತ್ತಾ ಸಿಕ್ಕಿಬೀಳದ ಹೊರತು ಈ ಕಲಮುಗಳಿಗೆ ಒಳಪಡುವುದಿಲ್ಲ. ಎರಡನೇ ಬಾರಿ ಸಿಕ್ಕಿಬಿದ್ದವರಿಗಾದರೂ ಇದನ್ನು ಕಡ್ಡಾಯಗೊಳಿಸಿ, ವಂಚನೆಯನ್ನು ಪ್ರತ್ಯೇಕ ಅಪರಾಧವೆಂದು ಸಾರಬೇಕು.

ಅಲ್ಲಿಯವರೆಗೆ ಆ ಕೆಲಸ ಮಾಲೀಕನದೇ. ದಾಖಲೆಯನ್ನು ತಪ್ಪದೆ ನೋಡುವವರಿಗೆ, ಸೀಲ್ ಒಡೆದರೆ ಅಂದೇ ಗಾಡಿಯ ಕೀಲಿ ಹಿಂದಿರುಗಿಸಬೇಕೆಂಬ ಷರತ್ತನ್ನು ಚಾಲಕರೊಂದಿಗೆ ಬರೆದುಕೊಳ್ಳುವವರಿಗೆ ನಾನು ಈ ಸಾಧನವನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಒಂದೇ ಕೊರತೆಯೆಂದರೆ ಸಂವೇದಕದ ಅಳತೆಯನ್ನು ಆಗಾಗ ಸರಿಹೊಂದಿಸಬೇಕು, ಅದಕ್ಕೆ ನಮಗೆ ಮಾರಿದವರ ಸರ್ವಿಸ್ ಬೆಂಗಳೂರಿನಲ್ಲಿ ಮಾತ್ರ ಇದೆ; ಕೊಳ್ಳುವ ಮುನ್ನ ದಾವಣಗೆರೆಗೇ ಬಂದು ಮಾಡಿಕೊಡುತ್ತಾರೆಯೇ ಎಂದು ಕೇಳಿ, ಒಪ್ಪಿದ್ದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.